ಒಂಟಿ ತಂತಿಯ ರಾಜಪುತ್ರಿ ಮಗೋಗೊ

ಅರಸು ಮನೆತನದಲ್ಲಿ ಹುಟ್ಟಿದವರು ಹಿರಿಯರಿಂದ ಬಳುವಳಿಯಾಗಿ ಪಡೆಯುವುದು ಸಾಮಾನ್ಯವಾಗಿ ಸಿಂಹಾಸನವನ್ನು, ಭೂಮಿಯನ್ನು ಅಥವಾ ಭಂಡಾರವನ್ನು. ಸಿಂಹಾಸನ ಉರುಳಿ, ಭೂಮಿ ಪರರ ಪಾಲಾಗಿ, ಭಂಡಾರ ಬರಿದಾದ ಮೇಲೆ ಹುಟ್ಟಿದ ಮಗುವಿಗೆ ಉಳಿಯುವುದಾದರೂ ಏನು? ದಕ್ಷಿಣ ಆಫ್ರಿಕದ ಜುಲು ಅರಸು ಮನೆತನದಲ್ಲಿ 1900ನೇ ಇಸವಿಯಲ್ಲಿ ಜನಿಸಿದ ಬಾಲಿಕೆಯೊಬ್ಬಳಿಗೆ ಅಜ್ಜಿಯಂದಿರ ಹಾಡುಗಳೂ ಅವುಗಳೊಡನೆ ನುಡಿಯುವ ಒಂದೇ ತಂತಿಯ ಬಿಲ್ಲೂ ಉಳಿದಿದ್ದವು. ಆಕೆ ತನ್ನ ಎಂಬತ್ತನಾಲ್ಕು ವರ್ಷಗಳ ಬದುಕಿನುದ್ದಕ್ಕೂ ಆ ಬಳುವಳಿಯನ್ನು ಕಾಪಾಡಿದಳು. ಆ ರಾಜಪುತ್ರಿ ಕಾನ್‌ಸ್ಟನ್ಸ್ ಮಗೋಗೊ ಕಾದಿನುಜುಲು ಅವರ ಜೀವನವನ್ನು ನಾವು ಈ ವಾರ ಸ್ಮರಿಸಬಯಸುತ್ತೇವೆ. ಅವರ ಹೆಸರಿನ ಕೊನೆಯಲ್ಲಿರುವ ಮಾತಿಗೆ ದಿನುಜುಲುವಿನ ಮಗಳು ಎಂದರ್ಥ.

ಸೋತ ಮನೆತನದ ಕೂಸು

ಈ ಜೀವನವನ್ನು ಅರಿಯಬೇಕಾದರೆ ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳ ದುಃಖವನ್ನು ಮೊದಲು ಅರಿಯಬೇಕು. 1879ರ ಜನವರಿ 22ರಂದು ಇಸಾಂಡ್ಲ್ವಾನಾ ಎಂಬ ಬೆಟ್ಟದ ಬುಡದಲ್ಲಿ ಜುಲು ಯೋಧರು ಬ್ರಿಟಿಷ್ ಪಡೆಯನ್ನು ಸೋಲಿಸಿದರು. ಆದರೆ ಅದೇ ವರ್ಷ ಜುಲೈ 4ರಂದು ಉಲುಂಡಿಯಲ್ಲಿ ಜುಲು ಸಾಮ್ರಾಜ್ಯವೇ ನೆಲಕಚ್ಚಿತು. ಅರಸ ಸೆಟ್ಶ್ವಾಯೊ ಸೆರೆಯಾದ. ಕೆಲವು ವರ್ಷಗಳ ತರುವಾಯ ಅವನನ್ನು ನಾಡಿಗೆ ಮರಳಲು ಬಿಟ್ಟರೂ ಅಂತಃಕಲಹದಲ್ಲಿ ನೊಂದು 1884ರಲ್ಲಿ ತೀರಿಕೊಂಡ. ಅವನ ಮಗ ದಿನುಜುಲು ಬ್ರಿಟಿಷರ ಎದುರು ದಂಗೆಯೆದ್ದನೆಂಬ ಆರೋಪಕ್ಕೆ ಗುರಿಯಾಗಿ, ನೆಪೋಲಿಯನ್ ಚಕ್ರವರ್ತಿ ಕೊನೆಯುಸಿರೆಳೆದ ಅದೇ ಸೇಂಟ್ ಹೆಲೆನಾ ದ್ವೀಪದಲ್ಲಿ ಗಡೀಪಾರಿನ ವರ್ಷಗಳನ್ನು ಕಳೆದ. ತನ್ನ ನಾಡಿಗೆ ಹಿಂದಿರುಗಿದಾಗ ಅವನು ಜನರ ಮನದಲ್ಲಿ ಅರಸನಾಗಿದ್ದರೂ ಸರ್ಕಾರದ ಕಡತದಲ್ಲಿ ಕೇವಲ ಒಬ್ಬ ಮುಖಂಡನಾಗಿದ್ದ.

ಹೀಗೆ ಹಿಂದಿರುಗಿದ ದಿನುಜುಲು ಮತ್ತು ಅವನ ರಾಣಿ ಸಿಲೊಮೊ ದಂಪತಿಗೆ ಮಗೋಗೊ ಜನಿಸಿದರು. ಆದರೆ ತಂದೆಯ ನೆರಳು ಆ ಮಗುವಿಗೆ ಬಹುಕಾಲ ದೊರೆಯಲಿಲ್ಲ. 1906ರಲ್ಲಿ ತಲೆಗಂದಾಯದ ವಿರುದ್ಧ ಬಂಬಾಥಾ ಎಂಬ ಮುಖಂಡ ಎಬ್ಬಿಸಿದ ದಂಗೆಯ ಛಾಯೆ ದಿನುಜುಲುವಿನ ಮೇಲೂ ಬಿತ್ತು. ಅವನನ್ನು ಮತ್ತೆ ಬಂಧಿಸಿ, ವಿಚಾರಣೆ ನಡೆಸಿ, 1909ರಲ್ಲಿ ನಾಲ್ಕು ವರ್ಷಗಳ ಸಜೆ ವಿಧಿಸಲಾಯಿತು. 1910ರಲ್ಲಿ ಬಿಡುಗಡೆಯಾಯಿತಾದರೂ ಸ್ವಂತ ನಾಡಿಗೆ ಕಾಲಿಡಲು ಅನುಮತಿ ಸಿಗಲಿಲ್ಲ. ದೂರದ ಟ್ರಾನ್ಸ್‌ವಾಲ್ ಪ್ರಾಂತದ ಒಂದು ತೋಟದ ಮನೆಯಲ್ಲಿ 1913ರಲ್ಲಿ ಅವನು ಮರಣಹೊಂದಿದ. ಆಗ ಮಗೋಗೊ ಅವರಿಗೆ ಹದಿಮೂರು ವರ್ಷ.

ಅಜ್ಜಿಯಂದಿರ ಗುರುಕುಲ

ಗಂಡಸರು ಯುದ್ಧದಲ್ಲಿ ಮಡಿದಾಗ, ಸೆರೆಮನೆ ಸೇರಿದಾಗ, ಗಣಿಗಳತ್ತ ದುಡಿಮೆಗೆ ಹೊರಟಾಗ ಒಂದು ಜನಾಂಗದ ನೆನಪನ್ನು ಕಾಯುವವರು ಯಾರು? ಮನೆಯಲ್ಲಿ ಉಳಿದ ಹೆಂಗಸರು. ಮಗೋಗೊ ಅವರ ಸಂಗೀತದ ಗುರುಗಳು ಅಂಥವರೇ. ತಾಯಿ ಮತ್ತು ಅಜ್ಜಿಯಂದಿರು, ಅಂದರೆ ಅರಸ ಸೆಟ್ಶ್ವಾಯೊನ ವಿಧವೆಯರು, ಆಕೆಗೆ ಹಾಡು ಕಲಿಸಿದರು. ಉಲುಂಡಿಯ ಅರಮನೆ ಬೆಂಕಿಗೆ ಆಹುತಿಯಾಗುವುದಕ್ಕೆ ಮುಂಚಿನ ದಿನಗಳನ್ನು ಕಣ್ಣಾರೆ ಕಂಡ ವೃದ್ಧೆಯರು ಅವರು. ಜೋಗುಳಗಳು, ಮಕ್ಕಳ ಆಟದ ಹಾಡುಗಳು, ಪ್ರೇಮಗೀತೆಗಳು, ಶೋಕಗೀತೆಗಳು, ಕುಲಗಳ ಪುರಾತನ ಗೀತೆಗಳು, ಅರಸರ ಬಿರುದಾವಳಿಗಳು ಇವೆಲ್ಲವೂ ಲಿಪಿಯ ನೆರವಿಲ್ಲದೆ ಬಾಯಿಂದ ಕಿವಿಗೆ, ಕಿವಿಯಿಂದ ಹೃದಯಕ್ಕೆ ಇಳಿದವು.

ಅದರೊಡನೆ ಬಂದದ್ದು ಉಗುಭು ಎಂಬ ವಾದ್ಯ. ಇದರ ರಚನೆ ನಮಗೆ ವಿಸ್ಮಯ ತರುತ್ತದೆ. ಸುಮಾರು 5 ಅಡಿ ಉದ್ದದ ಬಾಗಿಸಿದ ಮರದ ಕೋಲು, ಅದಕ್ಕೆ ಬಿಗಿದ ಒಂದೇ ತಂತಿ, ಕೆಳತುದಿಯ ಸಮೀಪ ಕಟ್ಟಿದ ಒಂದು ಸೋರೆಬುರುಡೆ, ಇಷ್ಟೇ. ಹಿಂದಿನ ಕಾಲದಲ್ಲಿ ದನದ ಬಾಲದ ಕೂದಲನ್ನು ಹೊಸೆದು ತಂತಿ ಮಾಡುತ್ತಿದ್ದರು. ಅನಂತರ ಲೋಹದ ತಂತಿ ಬಂದಿತು. ಬೇಟೆಗೂ ಯುದ್ಧಕ್ಕೂ ಹುಟ್ಟಿದ ಬಿಲ್ಲಿನ ಆಕಾರವೇ ಇಲ್ಲಿ ಹಾಡಿಗೆ ಒದಗಿದೆ. ನುಡಿಸುವವಳು ಬಿಲ್ಲನ್ನು ನೆಟ್ಟಗೆ ಹಿಡಿದು, ಛಾವಣಿಗೆ ಹೊದಿಸುವ ಹುಲ್ಲಿನ ಒಂದು ಗಟ್ಟಿ ಕಡ್ಡಿಯಿಂದ ತಂತಿಯನ್ನು ಮೆಲ್ಲಗೆ ಬಡಿಯುತ್ತಾಳೆ. ಎಡಗೈ ಬೆರಳುಗಳಿಂದ ತಂತಿಯ ಬುಡವನ್ನು ಒತ್ತಿಹಿಡಿದರೆ ನಾದ ಅರ್ಧಸ್ವರದಷ್ಟು ಏರುತ್ತದೆ. ಹೀಗೆ ಮೂಲಸ್ವರಗಳು ಎರಡೇ ಎರಡು.

ಎರಡು ಸ್ವರಗಳಲ್ಲಿ ಹಾಡು ಹೇಗೆ ಸಾಧ್ಯವೆಂದು ಓದುಗರು ಕೇಳಬಹುದು. ಸೋರೆಬುರುಡೆಯ ತೆರೆದ ಬಾಯಿ ನುಡಿಸುವವಳ ಎದೆಯತ್ತ ಮುಖಮಾಡಿರುತ್ತದೆ. ಅದನ್ನು ಎದೆಗೆ ಹತ್ತಿರ ತಂದಾಗ ಮತ್ತು ದೂರ ಸರಿಸಿದಾಗ ಮೂಲನಾದದೊಳಗೆ ಅಡಗಿರುವ ಉಪನಾದಗಳು ಒಂದೊಂದಾಗಿ ಹೊರಹೊಮ್ಮುತ್ತವೆ. ತಂಬೂರಿಯ ಷಡ್ಜದ ತಂತಿಯನ್ನು ಮೀಟಿದಾಗ ಪಳಗಿದ ಕಿವಿಗೆ ಗಾಂಧಾರವೂ ತಾನಾಗಿಯೇ ಕೇಳಿಸುವುದೆಂದು ನಮ್ಮ ಸಂಗೀತಜ್ಞರು ಹೇಳುವುದುಂಟು. ಇಲ್ಲಿಯೂ ಅದೇ ತತ್ತ್ವ. ಹಾಡುವವಳ ಉಸಿರಾಡುವ ಎದೆಯೇ ಇಲ್ಲಿ ವಾದ್ಯದ ಒಂದು ಭಾಗ. ಈ ನಾದ ಅತ್ಯಂತ ಮೆಲುವಾದುದು. ಗುಡಿಸಲಿನಲ್ಲಿ ಹತ್ತಿರ ಕುಳಿತವರಿಗೆ ಮಾತ್ರ ಅದರ ಪೂರ್ಣ ಸೊಗಸು ಲಭ್ಯ. ಬಿಲ್ಲಿನ ರಾಗ ಒಂದು ಕಡೆ ಆರಂಭವಾದರೆ ಕಂಠದ ರಾಗ ಇನ್ನೊಂದು ಕಡೆ ಸೇರಿಕೊಳ್ಳುತ್ತದೆ. ಹೀಗಾಗಿ ಒಬ್ಬಳೇ ಕುಳಿತು ಹಾಡಿದರೂ ಇಬ್ಬರು ಪರಸ್ಪರ ಉತ್ತರ ಕೊಡುತ್ತಿರುವಂತೆ ಕೇಳಿಸುತ್ತದೆ.

ಉಗುಭುವಿನ ತಂಗಿಯಂತಿರುವ ಇನ್ನೊಂದು ಬಿಲ್ಲು ಉಮಾಖ್ವೇಯಾನ. ಇದರಲ್ಲಿ ಬುರುಡೆ ಕೋಲಿನ ನಡುಭಾಗದ ಹತ್ತಿರವಿದ್ದು, ತಂತಿಯನ್ನು ಒಂದು ಕುಣಿಕೆಯಿಂದ ಎರಡು ಪಾಲು ಮಾಡಿರುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೆರೆಯ ತ್ಸೋಂಗಾ ಜನರಿಂದ ಜುಲುಗಳಿಗೆ ಬಂದದ್ದಿದು. ಮಗೋಗೊ ಇದನ್ನೂ ಬಲ್ಲವರಾಗಿದ್ದರು. ಹಲ್ಲುಗಳ ನಡುವೆ ಹಿಡಿದು ನುಡಿಸುವ ಇಸಿತೊಲೊತೊಲೊ ಎಂಬ ಮೋರ್ಸಿಂಗ್ ಜಾತಿಯ ವಾದ್ಯವನ್ನೂ ನುಡಿಸುತ್ತಿದ್ದರು. ಆದರೆ ಅವರ ಹೆಸರು ಶಾಶ್ವತವಾಗಿ ಬೆಸೆದುಕೊಂಡದ್ದು ಎಲ್ಲಕ್ಕಿಂತ ಹಳೆಯದಾದ ಉಗುಭುವಿನೊಡನೆ.

ಕೆಳಗಿಡದ ಬಿಲ್ಲು

ಜುಲು ಸಮಾಜದಲ್ಲಿ ಬಿಲ್ಲಿನ ವಾದ್ಯ ಬಹುಮಟ್ಟಿಗೆ ಹೆಣ್ಣುಮಕ್ಕಳದು. ಕನ್ಯೆಯರು ತಮ್ಮ ಪ್ರೇಮವನ್ನೂ ವಿರಹವನ್ನೂ ಅದರೊಡನೆ ಹಾಡಿಕೊಳ್ಳುತ್ತಿದ್ದರು. ಮದುವೆಯಾಗಿ ಗಂಡನ ಮನೆ ಸೇರಿದ ಮೇಲೆ ಸಂಸಾರದ ಹೊಣೆ ಹೆಗಲೇರಿ, ಬಿಲ್ಲು ಸಾಮಾನ್ಯವಾಗಿ ಮೂಲೆ ಸೇರುತ್ತಿತ್ತು. ಮಗೋಗೊ ಅವರ ವಿವಾಹ 1926ರಲ್ಲಿ ಬುಥೆಲೆಜಿ ಕುಲದ ಮುಖಂಡ ಮಾಥೋಲೆಯೊಡನೆ ನೆರವೇರಿತು. ಅವರ ಅಣ್ಣ, ಸೇಂಟ್ ಹೆಲೆನಾದಲ್ಲಿ ಹುಟ್ಟಿ ತಂದೆಯ ತರುವಾಯ ಮನೆತನದ ಹಿರಿತನ ವಹಿಸಿಕೊಂಡ ಅರಸ ಸಾಲೊಮನ್, ಈ ಸಂಬಂಧವನ್ನು ಕುದುರಿಸಿದ. ಬುಥೆಲೆಜಿ ಕುಲದ ಹಿರಿಯ ಮ್ನ್ಯಮಾನಾ ಒಂದು ಕಾಲಕ್ಕೆ ಸೆಟ್ಶ್ವಾಯೊನ ಪ್ರಧಾನಮಂತ್ರಿಯಾಗಿದ್ದವನು. ಆದರೆ ಸೋಲಿನ ಅನಂತರದ ಕಲಹಗಳಲ್ಲಿ ಎರಡು ಮನೆತನಗಳ ನಡುವೆ ಬಿರುಕು ಮೂಡಿತ್ತು. ಆ ಬಿರುಕನ್ನು ಮುಚ್ಚುವ ಉದ್ದೇಶ ಈ ವಿವಾಹದ ಹಿಂದಿತ್ತು. ಹಲವು ಪತ್ನಿಯರಿದ್ದ ಮನೆಗೆ ಹತ್ತನೆಯವಳಾಗಿ ಹೋಗುವುದು ಒಬ್ಬ ತರುಣಿಗೆ ಸುಲಭದ ಮಾತಾಗಿರಲಾರದು. ಬಹುಪತ್ನೀತ್ವವನ್ನು ಒಪ್ಪದ ನಮ್ಮ ವಿಶ್ವಾಸದ ಕಣ್ಣಿಗೆ ಇದು ಕಸಿವಿಸಿ ತರುವುದು ಸಹಜ. ಆದರೂ ಅಂದಿನ ಸಮಾಜದಲ್ಲಿ ಇಂಥ ಸಂಬಂಧಕ್ಕೆ ಇದ್ದ ಶಾಂತಿಸ್ಥಾಪನೆಯ ಅರ್ಥವನ್ನು ನಾವು ಮರೆಯುವಂತಿಲ್ಲ.

1928ರಲ್ಲಿ ಅವರಿಗೆ ಮಂಗೊಸುಥು ಎಂಬ ಮಗ ಹುಟ್ಟಿದ. 1942ರಲ್ಲಿ ಪತಿ ತೀರಿಕೊಂಡಾಗ ಆ ಬಾಲಕನಿಗೆ ಹದಿನಾಲ್ಕು ವರ್ಷ. ಮದುವೆ, ಸವತಿಯರ ನಡುವಿನ ಬಾಳು, ತಾಯ್ತನ, ವೈಧವ್ಯ ಇವಾವುವೂ ಮಗೋಗೊ ಅವರ ಕೈಯಿಂದ ಬಿಲ್ಲನ್ನು ಕೆಳಗಿಳಿಸಲಿಲ್ಲ. ಸಾಮಾನ್ಯವಾಗಿ ಪುರುಷರ ಪಾಲಿಗೆ ಮೀಸಲಾಗಿದ್ದ ಅರಸರ ಬಿರುದಾವಳಿಗಳನ್ನೂ ಅವರು ಪಠಿಸುತ್ತಿದ್ದರು. ಹಳೆಯ ಹಾಡುಗಳನ್ನು ಕಾಪಾಡಿದ್ದಲ್ಲದೆ ಹೊಸ ಹಾಡುಗಳನ್ನೂ ಕಟ್ಟಿದರು. ಪರಂಪರೆಯನ್ನು ಕಾಯುವವರು ಅದಕ್ಕೆ ತಮ್ಮದೊಂದು ಎಳೆಯನ್ನು ಸೇರಿಸಿದಾಗಲೇ ಅದು ಜೀವಂತವಾಗಿರುತ್ತದೆ ಎಂಬುದಕ್ಕೆ ಇದು ಒಳ್ಳೆಯ ದೃಷ್ಟಾಂತ.

ವಿಶ್ವಾಸ ಮತ್ತು ಪೂರ್ವಿಕರ ರಾಗ

ಇಲ್ಲಿ ಕ್ರೈಸ್ತರಾದ ನಮ್ಮನ್ನು ನೇರವಾಗಿ ಮುಟ್ಟುವ ಸಂಗತಿಯೊಂದಿದೆ. ಮಗೋಗೊ ಆಂಗ್ಲಿಕನ್ ಸಭೆಗೆ ಸೇರಿದ ಕ್ರೈಸ್ತ ಸ್ತ್ರೀ. ಅವರ ಕಾಲದಲ್ಲಿ ಜುಲುನಾಡಿನ ಬಹುಪಾಲು ಮಿಷನ್ ಕೇಂದ್ರಗಳಲ್ಲಿ, ಅವು ಯಾವ ಸಭೆಯವೇ ಆಗಿರಲಿ, ಹೊಸ ವಿಶ್ವಾಸಿಗಳು ಹಳೆಯ ಕುಣಿತವನ್ನೂ ಹಾಡನ್ನೂ ವಾದ್ಯವನ್ನೂ ತೊರೆಯಬೇಕೆಂಬ ನಿರೀಕ್ಷೆಯಿತ್ತು. ಬಿಲ್ಲಿನ ಜಾಗಕ್ಕೆ ಹಾರ್ಮೋನಿಯಂ ಬಂದಿತು, ಅಜ್ಜಿಯ ಹಾಡಿನ ಜಾಗಕ್ಕೆ ಯೂರೋಪಿನ ಭಕ್ತಿಗೀತೆಯ ಅನುವಾದ ಬಂದಿತು. ಅದನ್ನು ತಂದವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ಒಂದು ತೊಡಕನ್ನು ಅವರಲ್ಲಿ ಅನೇಕರು ಗಮನಿಸಲಿಲ್ಲ. ಜುಲು ಭಾಷೆಯಲ್ಲಿ ಪದದ ಅರ್ಥ ಧ್ವನಿಯ ಏರಿಳಿತವನ್ನೂ ಅವಲಂಬಿಸಿದೆ. ಹಳೆಯ ಹಾಡುಗಳಲ್ಲಿ ರಾಗವು ಮಾತಿನ ಏರಿಳಿತಕ್ಕೆ ಒಲಿದು ನಡೆಯುತ್ತಿತ್ತು. ಪರದೇಶದ ರಾಗಕ್ಕೆ ಜುಲು ಮಾತುಗಳನ್ನು ತೊಡಿಸಿದಾಗ ಮಾತು ಏರಬೇಕಾದಲ್ಲಿ ರಾಗ ಇಳಿಯುತ್ತಿತ್ತು, ಮಾತು ಇಳಿಯಬೇಕಾದಲ್ಲಿ ರಾಗ ಏರುತ್ತಿತ್ತು. ದೇವರನ್ನು ಸ್ತುತಿಸುವ ಮಾತು ಕೇಳುವವರ ಕಿವಿಗೆ ಮಾತೃಭಾಷೆಯಂತೆ ಕೇಳಿಸದೆ ಹೋಗುತ್ತಿತ್ತು.

ಕ್ರಿಸ್ತರನ್ನು ಅಂಗೀಕರಿಸಿದವಳು ಅಜ್ಜಿಯ ಜೋಗುಳವನ್ನು ಮರೆಯಬೇಕೇ? ಮಗೋಗೊ ಈ ಪ್ರಶ್ನೆಗೆ ವಾದದಿಂದ ಉತ್ತರಿಸಲಿಲ್ಲ, ಬಾಳಿನಿಂದ ಉತ್ತರಿಸಿದರು. ಅವರ ಬಾಳಿನಲ್ಲಿ ವಿಶ್ವಾಸ ಮತ್ತು ಬಿಲ್ಲು ಎರಡೂ ಒಂದೇ ಗುಡಿಸಲಿನಲ್ಲಿ ನೆಲೆಸಿದ್ದವು. ನಮ್ಮ ಧರ್ಮಸಭೆಯಾದರೋ ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ, 1963ರ ಡಿಸೆಂಬರ್ 4ರಂದು ಹೊರಡಿಸಿದ ಪವಿತ್ರ ಆರಾಧನಾವಿಧಿಯ ಸಂವಿಧಾನದಲ್ಲಿ, ಸ್ವಂತ ಸಂಗೀತ ಪರಂಪರೆಯುಳ್ಳ ಜನಾಂಗಗಳ ಸಂಗೀತಕ್ಕೆ ತಕ್ಕ ಗೌರವ ಮತ್ತು ಆರಾಧನೆಯಲ್ಲಿ ಯೋಗ್ಯ ಸ್ಥಾನ ದೊರೆಯಬೇಕೆಂದು ವಿಧಿಸಿತು. ಆ ಕರೆಗೆ ಓಗೊಟ್ಟು ದಕ್ಷಿಣ ಆಫ್ರಿಕದಲ್ಲಿ ಡೇವಿಡ್ ಡಾರ್ಜಿ ಎಂಬ ಗುರುಗಳು ಅಲ್ಲಿನ ಜನರ ರಾಗಗಳಲ್ಲಿಯೇ ಆರಾಧನಾ ಗೀತೆಗಳು ಹುಟ್ಟುವಂತೆ ಶ್ರಮಿಸಿದರು. ಜುಲುನಾಡಿನ ಇಂಕಾಮನಾ ಮಠದ ಬೆನೆಡಿಕ್ಟೈನ್ ಸಹೋದರ ಕ್ಲೆಮೆಂಟ್ ಸಿಥೋಲೆ ಅವರು ಉಮಾಖ್ವೇಯಾನವನ್ನು ನುಡಿಸಿ ಮಕ್ಕಳಿಗೂ ಕಲಿಸಿದರು. ಮಹಾಸಭೆ ಬರಹದಲ್ಲಿ ಸಾರಿದ್ದನ್ನು ಮಗೋಗೊ ಅದಕ್ಕೆ ಬಹಳ ಮುಂಚಿನಿಂದಲೇ ತಮ್ಮ ಮನೆಯಂಗಳದಲ್ಲಿ ನಡೆಸಿಕೊಂಡು ಬಂದಿದ್ದರು ಎಂದರೆ ತಪ್ಪಾಗಲಾರದು.

ಬಾಗಿಲು ತೆರೆದ ಮನೆ

ಇಪ್ಪತ್ತನೆಯ ಶತಮಾನ ಮುಂದುವರಿದಂತೆ ಉಗುಭು ಕ್ಷೀಣಿಸುತ್ತ ಹೋಯಿತು. ಜೋಹಾನ್ಸ್‌ಬರ್ಗ್‌ನ ಚಿನ್ನದ ಗಣಿಗಳಿಗೆ ದುಡಿಯಲು ಹೋದ ತರುಣರು ಅಂಗಡಿಯ ಗಿಟಾರನ್ನೂ ಕಾನ್ಸರ್ಟಿನಾ ಎಂಬ ಕೈವಾದ್ಯವನ್ನೂ ಹೊತ್ತು ಊರಿಗೆ ಮರಳಿದರು. ಆ ಗಟ್ಟಿ ದನಿಗಳ ಮುಂದೆ ಬಿಲ್ಲಿನ ಮೆಲುದನಿ ಅಡಗಿತು. ಅಜ್ಜಿಯಂದಿರು ಒಬ್ಬೊಬ್ಬರಾಗಿ ಕಣ್ಮರೆಯಾದರು. ಮಗೋಗೊ ಮುಪ್ಪಿಗೆ ಕಾಲಿಡುವ ವೇಳೆಗೆ ಉಗುಭುವನ್ನು ಪೂರ್ಣವಾಗಿ ಬಲ್ಲವರು ಬೆರಳೆಣಿಕೆಯಷ್ಟು ಮಂದಿ.

ಇಂಥ ಸನ್ನಿವೇಶದಲ್ಲಿ ಅರಸು ಮನೆತನದ ಸ್ತ್ರೀಯೊಬ್ಬಳು ತನ್ನ ಹಾಡುಗಳನ್ನು ಮನೆಯ ಗುಟ್ಟೆಂದು ಬಚ್ಚಿಟ್ಟಿದ್ದರೆ ಯಾರೂ ದೂರುತ್ತಿರಲಿಲ್ಲ. ತನ್ನ ಕುಲವನ್ನು ಸೋಲಿಸಿದ ಜನರ ಭಾಷೆಯನ್ನಾಡುವವರು ಯಂತ್ರ ಹೊತ್ತು ಬಂದಾಗ ಬಾಗಿಲು ಮುಚ್ಚಿದ್ದರೂ ಅದು ಅರ್ಥವಾಗುವಂಥದೇ. ಮಗೋಗೊ ಬಾಗಿಲು ತೆರೆದರು. ಆಫ್ರಿಕದ ಉದ್ದಗಲಕ್ಕೂ ಸಂಚರಿಸಿ ಜನಪದ ಸಂಗೀತವನ್ನು ಮುದ್ರಿಸಿಕೊಂಡು, 1954ರಲ್ಲಿ ಆಫ್ರಿಕನ್ ಸಂಗೀತದ ಅಂತರರಾಷ್ಟ್ರೀಯ ಗ್ರಂಥಾಲಯವನ್ನು ಸ್ಥಾಪಿಸಿದ ಹ್ಯೂ ಟ್ರೇಸಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಮಗೋಗೊ ಅವರ ಬಿಲ್ಲಿನ ಹಾಡುಗಳಿಗೇ ಮೀಸಲಾದ ಒಂದು ಗ್ರಾಮಫೋನ್ ತಟ್ಟೆ ಟ್ರೇಸಿಯವರ ಆಫ್ರಿಕದ ಸಂಗೀತ ಮಾಲಿಕೆಯಲ್ಲಿ ಹೊರಬಂದಿತು. ಲಂಡನ್ ವಿಶ್ವವಿದ್ಯಾಲಯದ ವಿದ್ವಾಂಸ ಡೇವಿಡ್ ರೈಕ್ರಾಫ್ಟ್ ಆ ಹಾಡುಗಳನ್ನು ಸ್ವರಲಿಪಿಗೆ ಇಳಿಸಿ ವಿವರವಾದ ಅಧ್ಯಯನವನ್ನು ಪ್ರಕಟಿಸಿದರು. ದಕ್ಷಿಣ ಆಫ್ರಿಕದ ಆಕಾಶವಾಣಿಯೂ ಅವರ ದನಿಯನ್ನು ಮುದ್ರಿಸಿತು. ಲಿಪಿಯಿಲ್ಲದೆ ಕಲಿತ ಹಾಡು ಹೀಗೆ ಲಿಪಿಗೂ ಮುದ್ರಣಕ್ಕೂ ಸಿಕ್ಕಿ ಉಳಿಯಿತು.

ಹದಿನಾಲ್ಕರ ಬಾಲಕಿ

ಯಂತ್ರ ನಾದವನ್ನು ಉಳಿಸಬಲ್ಲದು, ಉತ್ತರಾಧಿಕಾರಿಯನ್ನು ಹುಟ್ಟಿಸಲಾರದು. ಅದಕ್ಕೆ ಮನುಷ್ಯರೇ ಬೇಕು. ಸೊವೆಟೊ ನಗರದ ಸಂಗೀತ ಶಿಕ್ಷಕ ಖಾಬಿ ಎಂಗೋಮಾ, ಮುಂದೆ ಜುಲುಲ್ಯಾಂಡ್ ವಿಶ್ವವಿದ್ಯಾಲಯದ ಸಂಗೀತ ವಿಭಾಗವನ್ನು ಕಟ್ಟಿದವರು, ಸುಮಾರು ಹದಿನಾಲ್ಕು ವರ್ಷದ ತಮ್ಮ ಮಗಳನ್ನು ಒಮ್ಮೆ ಮಗೋಗೊ ಅವರ ನಿವಾಸಕ್ಕೆ ಕರೆದೊಯ್ದರು. ವೃದ್ಧ ರಾಜಪುತ್ರಿಯ ಕಾಲಬಳಿ ನೆಲದ ಮೇಲೆ ಕುಳ್ಳಿರಿಸಿ ಹಾಡು ಕೇಳೆಂದರು. ನಗರದಲ್ಲಿ ಬೆಳೆದ ಆ ಬಾಲಕಿಗೆ ಅಂದು ಅದರ ಬೆಲೆ ತಿಳಿಯಲಿಲ್ಲ. ತನ್ನನ್ನು ಇಲ್ಲಿಗೆ ಏಕೆ ತಂದರೆಂಬುದೂ ಅರ್ಥವಾಗಲಿಲ್ಲ. ಆದರೂ ಕೇಳಿದಳು.

ಆ ಬಾಲಕಿಯೇ ಮುಂದೆ ದಕ್ಷಿಣ ಆಫ್ರಿಕದ ಅಗ್ರಗಣ್ಯ ಗಾಯಕಿಯಾಗಿ ಬೆಳೆದ ಸಿಬೊಂಗಿಲೆ ಖುಮಾಲೊ. ಮಗೋಗೊ 1984ರ ನವೆಂಬರ್‌ನಲ್ಲಿ ಕಣ್ಮುಚ್ಚಿದರು. ಸಂಗೀತ ರಚನಕಾರ ಮ್ಜಿಲಿಕಾಜಿ ಖುಮಾಲೊ ಅವರ ಹಾಡುಗಳನ್ನು ವಾದ್ಯವೃಂದಕ್ಕೆ ಅಳವಡಿಸಿದರು; ಬಳಿಕ ಆ ಬಾಳನ್ನೇ ವಸ್ತುವಾಗಿಸಿ ಜುಲು ಭಾಷೆಯಲ್ಲಿ ಒಂದು ಪೂರ್ಣ ಸಂಗೀತ ನಾಟಕವನ್ನು ರಚಿಸಿದರು. ಥೆಂಬಾ ಎಂಸಿಮಾಂಗ್ ಅದರ ಸಾಹಿತ್ಯವನ್ನು ಬರೆದರು. 2002ರಲ್ಲಿ ಡರ್ಬನ್ ನಗರದಲ್ಲಿ ಅದರ ಮೊದಲ ಪ್ರದರ್ಶನ ನಡೆದಾಗ ಮಗೋಗೊ ಅವರ ಪಾತ್ರದಲ್ಲಿ ರಂಗವೇರಿದವರು ಅಂದು ನೆಲದ ಮೇಲೆ ಕುಳಿತು ಕೇಳಿದ ಅದೇ ಸಿಬೊಂಗಿಲೆ. 2004ರಲ್ಲಿ ಆ ನಾಟಕ ಅಮೆರಿಕದ ಷಿಕಾಗೊ ಬಳಿಯ ರವೀನಿಯಾ ಉತ್ಸವದಲ್ಲಿಯೂ ಪ್ರದರ್ಶಿತವಾಯಿತು. ಸಿಬೊಂಗಿಲೆ 2021ರಲ್ಲಿ ನಿಧನರಾದರು. ಗುಡಿಸಲಿನ ಗೋಡೆ ದಾಟದ ಮೆಲುದನಿ ಸಾವಿರಾರು ಜನರ ಕಿವಿ ತಲುಪಿತು. ಅದರ ಮೂಲದಲ್ಲಿ ಇದ್ದದ್ದು ಒಬ್ಬ ತಂದೆಯ ಹಠ ಮತ್ತು ಒಬ್ಬ ವೃದ್ಧೆಯ ತಾಳ್ಮೆ.

ಬಿರುಕಿನ ಮೇಲಿನ ಸೇತುವೆ

ಮಗೋಗೊ ಅವರ ಮಗ ಮಂಗೊಸುಥು ಬುಥೆಲೆಜಿ 1975ರಲ್ಲಿ ಇಂಕಾಥಾ ಸಂಘಟನೆಯನ್ನು ಕಟ್ಟಿ ದೇಶದ ರಾಜಕೀಯದಲ್ಲಿ ಪ್ರಬಲನಾದ. 2023ರಲ್ಲಿ ತನ್ನ 95ನೆಯ ವಯಸ್ಸಿನಲ್ಲಿ ತೀರಿಕೊಂಡ. 1980ರ ದಶಕದಲ್ಲಿ ಮತ್ತು 1990ರ ದಶಕದ ಮೊದಲ ವರ್ಷಗಳಲ್ಲಿ ಇಂಕಾಥಾ ಹಾಗೂ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಬೆಂಬಲಿಗರ ನಡುವೆ ನಡೆದ ರಕ್ತಪಾತದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಜುಲು ಪರಂಪರೆಯ ಹೆಮ್ಮೆಯನ್ನು ರಾಜಕೀಯದ ಆಯುಧವಾಗಿ ಬಳಸಲಾಯಿತೆಂಬ ಟೀಕೆ ಆಗ ಕೇಳಿಬಂದಿತು. ಇದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ಯಾವ ಪರಂಪರೆಯೂ ಜನರನ್ನು ಒಂದುಗೂಡಿಸಬಲ್ಲದು, ಪರರ ವಿರುದ್ಧ ಎತ್ತಿಕಟ್ಟಲೂ ಬಲ್ಲದು. ಬಿಲ್ಲಿನ ಮರ ಬಾಣವನ್ನು ಬಿಡಬಲ್ಲದು, ಹಾಡನ್ನೂ ನುಡಿಯಬಲ್ಲದು. ಆರಿಸಿಕೊಳ್ಳುವ ಕೈ ಯಾರದೆಂಬುದೇ ಪ್ರಶ್ನೆ.

ಆದ್ದರಿಂದಲೇ 2003ರಲ್ಲಿ ನಡೆದದ್ದು ನಮಗೆ ಅರ್ಥಪೂರ್ಣವಾಗಿ ತೋರುತ್ತದೆ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ನೇತೃತ್ವದ ಸರ್ಕಾರದ ಅವಧಿಯಲ್ಲಿ, ಕಲೆ, ಸಂಸ್ಕೃತಿ ಮೊದಲಾದ ಕ್ಷೇತ್ರಗಳ ಸಾಧನೆಗಾಗಿ ನೀಡುವ ಇಖಮಂಗಾ ಪ್ರಶಸ್ತಿಯ ಸುವರ್ಣ ಶ್ರೇಣಿಯನ್ನು ಮಗೋಗೊ ಅವರಿಗೆ ಮರಣೋತ್ತರವಾಗಿ ಅರ್ಪಿಸಲಾಯಿತು. ಬಿರುಕನ್ನು ಮುಚ್ಚಲೆಂದು ಮದುವೆಯಾಗಿ ಹೋದವಳು ತೀರಿಕೊಂಡು ಸುಮಾರು ಎರಡು ದಶಕಗಳ ಬಳಿಕವೂ ಆಕೆಯ ಹಾಡು ಇನ್ನೊಂದು ಬಿರುಕಿನ ಮೇಲೆ ಸೇತುವೆಯಾಯಿತು.

ನಮ್ಮ ಮನೆಯ ಮೂಲೆಯಲ್ಲಿ

ಸಂತ ಆಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಕಾಲದ ರಹಸ್ಯವನ್ನು ವಿಚಾರಿಸುವಾಗ ಒಂದು ಕೀರ್ತನೆಯನ್ನು ಹಾಡುವ ಉದಾಹರಣೆಯನ್ನೇ ಆರಿಸಿಕೊಂಡಿದ್ದಾರೆ. ಹಾಡುವವನ ಮನಸ್ಸಿನಲ್ಲಿ ಮುಂದೆ ಬರಬೇಕಾದ ಸಾಲು ನಿರೀಕ್ಷೆಯಾಗಿದ್ದು, ಹಾಡಿದ ಸಾಲು ನೆನಪಿಗೆ ಸರಿಯುತ್ತದೆ. ಮನುಷ್ಯನ ಇಡೀ ಬಾಳೂ, ಮನುಕುಲದ ಇಡೀ ಚರಿತ್ರೆಯೂ ಹೀಗೆಯೇ ಎಂಬುದು ಅವರ ವಿಚಾರ. ಇದನ್ನು ಓದುವಾಗ ನಮಗೆ ಮಗೋಗೊ ನೆನಪಾಗುತ್ತಾರೆ. ಸೆಟ್ಶ್ವಾಯೊನ ವಿಧವೆಯರಿಗೆ ನೆನಪಾಗಿ ಉಳಿದದ್ದು ಈ ಬಾಲಿಕೆಗೆ ನಿರೀಕ್ಷೆಯಾಯಿತು. ಈಕೆಯ ನೆನಪು ಇನ್ನೊಬ್ಬ ಬಾಲಿಕೆಗೆ ನಿರೀಕ್ಷೆಯಾಯಿತು. ನಡುವೆ ಒಬ್ಬರು ಹಾಡುವುದನ್ನು ನಿಲ್ಲಿಸಿದ್ದರೂ ಆ ಸರಪಳಿ ಕಡಿದುಹೋಗುತ್ತಿತ್ತು.

ನಮ್ಮ ಕುಟುಂಬಗಳಲ್ಲಿಯೂ ಹಳೆಯ ಜಪಗಳನ್ನು, ಹಬ್ಬದ ಹಾಡುಗಳನ್ನು, ಜೋಗುಳಗಳನ್ನು ಬಲ್ಲ ಹಿರಿಯ ಜೀವಗಳಿವೆ. ಅವರ ದನಿಯೂ ಮೆಲುವಾದುದೇ. ಬರುವ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದಾಗ ಮಕ್ಕಳನ್ನು ಅಜ್ಜಿಯ ಬಳಿ ಸ್ವಲ್ಪ ಹೊತ್ತು ಕುಳ್ಳಿರಿಸಿರಿ. ಅವರಿಗೆ ಅಂದು ಬೇಸರವಾದರೂ ಚಿಂತೆಯಿಲ್ಲ. ಸೊವೆಟೊದ ಆ ಬಾಲಕಿಗೂ ಬೇಸರವಾಗಿತ್ತು.